ಸುಣ್ಣ ಬಳಿದ ತಂತಿ

‘ತಂತಿರಹಿತ ಗಣಕಜಾಲದ ಹರಿಕಾರ.’ ಹೋದ ತಿಂಗಳು ಒಂದು ಕೈಲಾಸ ಸಮಾರಾಧನೆಯ ಕಾರ್ಡಿಗೆ ಈ ಸಾಲನ್ನು ಟೈಪು ಮಾಡಬೇಕಾಗಿ ಬಂದಾಗ ನನಗೆ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು.

ಕೆ.ಆರ್. ಪೇಟೆಯಲ್ಲಿ ನನ್ನದೊಂದು ಸಣ್ಣ ಡಿ.ಟಿ.ಪಿ. ಅಂಗಡಿ ಇದೆ. ಸತ್ತವರ ಗುಣಗಾನ ಟೈಪು ಮಾಡುವುದು ನನಗೆ ದಿನನಿತ್ಯದ ಕೆಲಸ. ಕೆರೆ ಒತ್ತುವರಿ ಮಾಡಿದವನನ್ನು ‘ಜನಾನುರಾಗಿ’ ಎಂದಿದ್ದೇನೆ, ಅಣ್ಣತಮ್ಮಂದಿರನ್ನು ಕೋರ್ಟಿಗೆ ಅಲೆಸಿದವನನ್ನು ‘ಕುಟುಂಬ ವತ್ಸಲ’ ಮಾಡಿದ್ದೇನೆ. ಬೆರಳು ಒಮ್ಮೆಯೂ ತಡವರಿಸಿದ್ದಿಲ್ಲ. ಈ ಸಾಲಿಗೆ ತಡವರಿಸಿತು. ಏಕೆಂದರೆ ಈ ಸತ್ತವರನ್ನು ನಾನು ಬಲ್ಲೆ. ಅವರು ಯಾವುದರ ಹರಿಕಾರರೂ ಅಲ್ಲ. ಆ ಜಾಲಕ್ಕೆ ತಂತಿ ಇತ್ತು. ಆ ತಂತಿಗೆ ಸುಣ್ಣ ಬಳಿಯುವಾಗ ಏಣಿ ಹಿಡಿದುಕೊಂಡು ನಿಂತವಳು ನಾನೇ.

ಕಾರ್ಡು ಮಾಡಿಸಲು ಬಂದವರು ಅವರ ಹೆಂಡತಿ. ಆಕೆ ನನ್ನ ಎದುರಿಗೆ ಸ್ಟೂಲಿನ ಮೇಲೆ, ಸೆರಗು ಹೊದ್ದು ಕೂತಿದ್ದರು. ಅವರ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಈ ಹರಿಕಾರರ ವಿಷಯ ಮುಗಿಸಿಬಿಡೋಣ.

ಹೆಸರು ಬೇಡ. ಪಾಂಡವಪುರದಲ್ಲಿ ತೊಂಬತ್ತರ ದಶಕದ ಕೊನೆಯಲ್ಲಿ ಮದುವೆ ಕಾರ್ಡು ಮಾಡಿಸಿದವರಿಗೆಲ್ಲ ಹೆಸರಿಲ್ಲದೆಯೂ ಗೊತ್ತಾಗುತ್ತದೆ. ಕಬ್ಬಿನ ಗಾಡಿಗಳು ಸಾಲುಗಟ್ಟಿ ಹೋಗುವ ರಸ್ತೆಯಲ್ಲಿ ಅವರ ಮನೆ. ಆ ಮನೆಯೇ ಅಂಗಡಿ, ಆ ಮನೆಯೇ ಕಂಪ್ಯೂಟರ್ ಶಾಲೆ. ಮುಂದಿನ ಪಡಸಾಲೆಯಲ್ಲಿ ಒಂದು ಕಂಪ್ಯೂಟರು, ಹಿಂದಿನ ಕೋಣೆಯಲ್ಲಿ ಇನ್ನೊಂದು. ಎರಡರ ನಡುವೆ ಇಕ್ಕಟ್ಟಾದ ಒಂದು ಹಾದಿ, ಆ ಹಾದಿಗೆ ಬಾಗಿಲು ತೆರೆದುಕೊಂಡ ಅಡಿಗೆಮನೆ. ನಾನು ಪಿ.ಯು.ಸಿ. ಮುಗಿಸಿ, ಟೈಪಿಂಗ್ ಪರೀಕ್ಷೆ ಪಾಸು ಮಾಡಿಕೊಂಡು, ಪಡಸಾಲೆಯ ಕಂಪ್ಯೂಟರಿನ ಮುಂದೆ ಬಂದು ಕೂತೆ.

ನೋಡುವುದಕ್ಕೆ ಮಹಾಶಯರು ಗಂಭೀರವಾಗಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ಕುಂಕುಮ, ಬಾಯಲ್ಲಿ ಸದಾ ಒಂದು ಏಲಕ್ಕಿ. ವೈದ್ಯರ ಕೊರಳಲ್ಲಿ ಸ್ಟೆತಾಸ್ಕೋಪು ಇದ್ದ ಹಾಗೆ ಅವರ ಜೇಬಿನಲ್ಲಿ ಒಂದು ಸ್ಕ್ರೂಡ್ರೈವರು. ಅದನ್ನು ಅವರು ಹೊರಗೆ ತೆಗೆದದ್ದನ್ನು ನಾನು ಕಂಡದ್ದು ಕಿವಿ ಕೆರೆದುಕೊಳ್ಳುವಾಗ ಮಾತ್ರ. ‘ಗೊತ್ತಿಲ್ಲ’ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಗೊತ್ತಿಲ್ಲದ್ದು ಎದುರಾದರೆ, “ಅದ್ನ ಸಿಸ್ಟಮ್ಮು ಒಪ್ಪಾಕಿಲ್ಲ” ಎನ್ನುತ್ತಿದ್ದರು. ಒತ್ತಕ್ಷರ ಒಡೆದು ಬಂದರೂ ಸಿಸ್ಟಮ್ಮು ಒಪ್ಪುತ್ತಿರಲಿಲ್ಲ, ಪ್ರಿಂಟರಿನ ಶಾಯಿ ಮುಗಿದರೂ ಒಪ್ಪುತ್ತಿರಲಿಲ್ಲ. ಒಮ್ಮೆ ಮದುಮಗನ ಹೆಸರಿನ ಜಾಗದಲ್ಲಿ ಅವನ ತಂದೆಯ ಹೆಸರು ಅಚ್ಚಾಗಿ ಹೋದಾಗಲೂ ಅದೇ ಉತ್ತರ. ಬೀಗರು ತಲೆ ಮೇಲೆ ಕೈ ಹೊತ್ತು ಕೂತರೆ ಇವರು ಏಲಕ್ಕಿ ಜಗಿಯುತ್ತ, “ಟೆಕ್ನಿಕಲ್ಲು ಕಣ್ರೀ, ನಿಮ್ಗೆ ಅರ್ಥ ಆಗಾಕಿಲ್ಲ ಬುಡಿ” ಎಂದರು.

ಹಿಂದಿನ ಕೋಣೆಗೆ ಅವರು ಇಟ್ಟ ಹೆಸರು ಗರ್ಭಗುಡಿ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಅದೂ ಅವರೊಬ್ಬರೇ. ಟೈಪು ಮಾಡುವುದೆಲ್ಲ ಪಡಸಾಲೆಯಲ್ಲಿ ನಾನು, ಫೈಲುಗಳೆಲ್ಲ ಹೋಗಿ ಕೂರುವುದು ಒಳಗಿನ ಕಂಪ್ಯೂಟರಿನಲ್ಲಿ, ಪ್ರಿಂಟರೂ ಅಲ್ಲೇ. ನಾನೆಲ್ಲಿ ಅವರ ಕನ್ನಡ ಅಕ್ಷರಗಳನ್ನೂ ಕಾರ್ಡಿನ ಡಿಸೈನುಗಳನ್ನೂ ಫ್ಲಾಪಿಗೆ ತುಂಬಿಕೊಂಡು ಓಡಿಹೋಗುತ್ತೇನೋ ಎಂಬ ಅನುಮಾನಕ್ಕೆ ನನ್ನ ಕಂಪ್ಯೂಟರಿನ ಫ್ಲಾಪಿ ಡ್ರೈವನ್ನೇ ಬಿಚ್ಚಿಸಿ ತೆಗೆದಿದ್ದರು. ಆ ತೂತು ಅಸಹ್ಯವಾಗಿ ಕಾಣುತ್ತದೆಂದು ಕರಿಘಟ್ಟದ ಸ್ವಾಮಿಯ ಒಂದು ಸ್ಟಿಕ್ಕರು ಅಂಟಿಸಿದ್ದರು. ಹಾಗಾಗಿ ನನ್ನ ಕಂಪ್ಯೂಟರಿನಿಂದ ಒಂದು ಅಕ್ಷರ ಹೊರಗೆ ಹೋಗಬೇಕಾದರೂ ಇದ್ದದ್ದು ಒಂದೇ ದಾರಿ. ಪಡಸಾಲೆಯಿಂದ ಗರ್ಭಗುಡಿಗೆ ಹೋಗುವ ಕರಿಯ ತಂತಿ.

ತಂತಿ ಮೊದಲು ನೆಲದ ಮೇಲೇ ಇತ್ತು, ಎಲ್ಲರೂ ದಾಟಿಕೊಂಡು ಓಡಾಡುತ್ತಿದ್ದರು. ಒಂದು ಸಲ ಮಹಾಶಯರು ಮೈಸೂರಿಗೆ ಹೋದವರು ಒಂದು ಇಂಗ್ಲಿಷ್ ಪತ್ರಿಕೆ ಹಿಡಿದುಕೊಂಡು ಬಂದರು. ಅದರಲ್ಲಿ ಒಂದು ಬಣ್ಣದ ಚಿತ್ರ: ಯಾವುದೋ ದೇಶದ ಒಂದು ಮನೆ, ಎರಡು ಕಂಪ್ಯೂಟರು, ನಡುವೆ ತಂತಿಯಿಲ್ಲ, ಗಾಳಿಯಲ್ಲಿ ಬಳೆ ಬಳೆಯಾಗಿ ಅಲೆಗಳು. ಅದರ ಜೊತೆಗಿದ್ದ ಲೇಖನವನ್ನು ಅವರು ಓದಿದರೆಂದು ನನಗನಿಸುವುದಿಲ್ಲ. ಚಿತ್ರ ಸಾಕಾಯಿತು. ಮರುದಿನವೇ ತಂತಿ ನೆಲ ಬಿಟ್ಟು ಗೋಡೆಯ ತುದಿಗೆ, ಸೂರಿನ ಮರೆಗೆ ಏರಿತು. ಅದಕ್ಕೆ ಗೋಡೆಯ ಜೊತೆಗೇ ತಾವೇ ಸುಣ್ಣ ಬಳಿದರು. ಕೆಳಗೆ ನಿಂತು ನೋಡಿದರೆ ಗೋಡೆಯ ಒಂದು ಉಬ್ಬಿನ ಹಾಗೆ ಕಾಣುತ್ತಿತ್ತು. ಆವತ್ತಿನಿಂದ ಬಂದವರಿಗೆಲ್ಲ ಒಂದೇ ಮಾತು: “ಫೈಲು ಗಾಳೀಲಿ ಓಯ್ತದೆ. ಮಂಡ್ಯ ಜಿಲ್ಲೇಲೇ ಮೊದ್ಲು.”

ಜನ ನಂಬಿದರು. ಏಕೆ ನಂಬಬಾರದು? ಆ ಪೆಟ್ಟಿಗೆಯೇ ಅವರಿಗೆ ಹೊಸದು. ಅರಕೆರೆಯ ಒಬ್ಬ ಕಬ್ಬಿನ ಗೌಡರು ಮಗಳ ಮದುವೆ ಕಾರ್ಡಿಗೆ ಬಂದವರು ಹಾದಿಯ ನಡುವೆ ನಿಂತು ಕೈ ಆಡಿಸಿ ನೋಡಿದರು.

“ಸಾ, ಈಗ ನನ್ ಮೈ ಮ್ಯಾಲೇ ಓಯ್ತಾ ಐತಾ?”

“ಓಯ್ತಾ ಐತೆ. ತಲೆ ಬಗ್ಸಿ ನಡೀರಿ ಗೌಡ್ರೆ, ಅಡ್ಡ ಆದ್ರೆ ಅಕ್ಸರ ಉದುರ್ತವೆ.”

ಗೌಡರು ಪೇಟ ಕೈಗೆ ತೆಗೆದುಕೊಂಡು ಬಗ್ಗಿ ನಡೆದರು. ಅಂದಿನಿಂದ ಅದೊಂದು ಪದ್ಧತಿಯೇ ಆಗಿಹೋಯಿತು. ಹಿಂದಿನ ಕೋಣೆಯ ಬಾಗಿಲಿಗೆ ಹೋಗಿ ಕಾರ್ಡಿನ ಪ್ರೂಫು ನೋಡಬೇಕಾದವರು ಆ ಹಾದಿಯಲ್ಲಿ ಬಗ್ಗಿ ಹೋಗುತ್ತಿದ್ದರು, ಬಗ್ಗಿ ಬರುತ್ತಿದ್ದರು. ವಯಸ್ಸಾದವರು, ಬೆನ್ನು ನೋವಿನವರು, ಹೆಗಲ ಮೇಲೆ ಮಗು ಕೂರಿಸಿಕೊಂಡವರು, ಎಲ್ಲರೂ. ಒಬ್ಬ ಬಸುರಿ ಹೆಂಗಸಿಗೆ, “ನೀವು ಆ ಕಡೆ ನಿಲ್ಬ್ಯಾಡ್ರವ್ವ, ಗಾಳಿ ಜೋರೈತೆ” ಎಂದು ಹೇಳಿ ಆಕೆ ಬಿಸಿಲಲ್ಲಿ ಬೀದಿಯಲ್ಲಿ ನಿಲ್ಲುವ ಹಾಗೆ ಮಾಡಿದರು. ಆ ಬಗ್ಗಿದ ಬೆನ್ನುಗಳನ್ನು ನೋಡುವಾಗ ಅವರ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಅದನ್ನು ನೆನೆದರೆ ಇವತ್ತಿಗೂ ನನಗೆ ವಾಕರಿಕೆ ಬರುತ್ತದೆ.

ಅವರ ಹೆಂಡತಿಗೆ ಆ ಮನೆಯಲ್ಲಿ ಹೆಸರಿರಲಿಲ್ಲ. “ಇವ್ಳೇ” ಎಂದರೆ ಕಾಫಿ, “ಏ ಇವ್ಳೇ” ಎಂದರೆ ಊಟ. ಆಕೆ ಅಡಿಗೆಮನೆಯ ಹೊಸಿಲು ದಾಟಿ ಪಡಸಾಲೆಗೆ ಬಂದದ್ದನ್ನು ನಾನು ಹೆಚ್ಚು ಕಂಡಿಲ್ಲ. ತಂತಿ ಹಾದುಹೋಗುವುದು ಅಡಿಗೆಮನೆಯ ಬಾಗಿಲ ಮೇಲೆಯೇ, ಅಲ್ಲಿ ಮಾತ್ರ ಗೋಡೆ ಬಿಟ್ಟು ಸ್ವಲ್ಪ ಜೋತಿತ್ತು. ಮಳೆಗಾಲದಲ್ಲಿ ಒಂದು ದಿನ ಆಕೆ ಅದರ ಮೇಲೆ ಒದ್ದೆ ಬಟ್ಟೆ ಹರವಿದ್ದರು. ಮಹಾಶಯರು ಕೆಂಡವಾದರು.

“ಅದು ಬಟ್ಟೆ ಒಣಾಕೋ ಅಗ್ಗ ಅಲ್ಲ ಕಣೇ.”

“ಮತ್ತೇನದು?”

“ಏನೂ ಅಲ್ಲ. ಅಲ್ಲೇನೂ ಇಲ್ಲ.”

ಆಕೆ ಒಮ್ಮೆ ತಂತಿಯನ್ನು ನೋಡಿದರು, ಒಮ್ಮೆ ಗಂಡನನ್ನು ನೋಡಿದರು, ಬಟ್ಟೆ ತೆಗೆದುಕೊಂಡು ಒಳಗೆ ಹೋದರು. ನಾನು ಕೀಬೋರ್ಡಿನ ಮೇಲೆ ಬಗ್ಗಿ ನಗು ನುಂಗಿಕೊಂಡೆ.

ಇಷ್ಟೇ ಆಗಿದ್ದರೆ ಇವರು ಒಬ್ಬ ತಮಾಷೆಯ ಮನುಷ್ಯ ಅಷ್ಟೆ. ಊರಿಗೊಬ್ಬ ಇಂಥವರು ಇರುತ್ತಾರೆ, ನಕ್ಕು ಸುಮ್ಮನಾಗಬಹುದು. ನನಗೆ ನಗಲಾಗದಂತೆ ಮಾಡಿದ್ದು ನನ್ನ ಅಜ್ಜಿಯ ಹಾಡುಗಳ ವಿಷಯ.

ನನ್ನ ತಾಯಿಯ ತಾಯಿ ಅಕ್ಕಿಹೆಬ್ಬಾಳಿನವರು. ಹೇಮಾವತಿ ದಂಡೆಯ ಆ ಕಡೆ ಈ ಕಡೆಯ ಹಳ್ಳಿಗಳಲ್ಲಿ ಮದುವೆ ಎಂದರೆ ಸೋಬಾನೆಗೆ ಅಜ್ಜಿಯನ್ನೇ ಕರೆಯುತ್ತಿದ್ದರು. ಅರಿಶಿನ ಕುಟ್ಟುವಾಗ ಒಂದು ಹಾಡು, ಹಸೆ ಬರೆಯುವಾಗ ಒಂದು, ಹೆಣ್ಣು ಒಪ್ಪಿಸುವಾಗ ಒಂದು. ಆಮೇಲೆ ಬ್ಯಾಂಡ್‌ಸೆಟ್ಟು ಬಂತು, ಮೈಕಿನಲ್ಲಿ ಕ್ಯಾಸೆಟ್ಟು ಬಂತು, ಅಜ್ಜಿಯನ್ನು ಊಟಕ್ಕೆ ಮಾತ್ರ ಕರೆಯತೊಡಗಿದರು. ಅಜ್ಜಿಗೆ ಉಬ್ಬಸವೂ ಶುರುವಾಗಿ ನಮ್ಮ ಮನೆಗೆ, ಪಾಂಡವಪುರಕ್ಕೆ ಬಂದು ಉಳಿದರು. ನಾನು ಕಂಪ್ಯೂಟರಿನಲ್ಲಿ ಟೈಪು ಮಾಡುತ್ತೇನೆಂದು ಗೊತ್ತಾದಾಗ ಕೇಳಿದರು:

“ನನ್ ಪದಗೋಳ್ನ ಅದ್ರಾಗೆ ಮಡಗಾಕಾಯ್ತದೇನ್ ಮಗ?”

“ಆಗ್ತದೆ ಅಜ್ಜಿ. ಆಮೇಲೆ ಪುಸ್ತಕವನ್ನೇ ಮಾಡಬಹುದು.”

“ಅಂಗಾರೆ ಮಾಡವ್ವ. ನನ್ಗೆ ಓದಾಕ್ ಬರಾಕಿಲ್ಲ, ಬುಡು. ನಾ ಸತ್ ಮ್ಯಾಲೆ ಅಸೆಮಣೆ ಮುಂದೆ ಬಾಯ್ ಬುಡೋರು ಒಬ್ರಾದ್ರೂ ಬ್ಯಾಡ್ವಾ?”

ಇಷ್ಟೇ ಅಜ್ಜಿಯ ಆಸೆ. ಮಧ್ಯಾಹ್ನ ಗಿರಾಕಿಗಳು ಕಡಿಮೆ ಇರುವ ಹೊತ್ತಿನಲ್ಲಿ ಅಜ್ಜಿಯನ್ನು ಪಡಸಾಲೆಗೆ ಕರೆದುಕೊಂಡು ಬರುತ್ತಿದ್ದೆ. ಮಹಾಶಯರು ಉದಾರವಾಗಿ ಒಪ್ಪಿದರು. ‘ನಮ್ಮಲ್ಲಿ ಜಾನಪದಾನೂ ಕಂಪ್ಯೂಟರೈಸ್ ಆಗ್ತಾ ಐತೆ’ ಎಂದು ಹೇಳಿಕೊಳ್ಳುವುದಕ್ಕೆ ಒಂದು ವಿಷಯ ಸಿಕ್ಕಿತಲ್ಲ. ಅಜ್ಜಿ ಗೋಡೆಗೆ ಒರಗಿ ಕೂತು ಹಾಡುತ್ತಿದ್ದರು, ನಾನು ಕೇಳುತ್ತ ನೇರವಾಗಿ ಟೈಪು ಮಾಡುತ್ತಿದ್ದೆ. ಕಾಗದಕ್ಕೆ ಬರೆದುಕೊಳ್ಳಲಿಲ್ಲ, ಪ್ರಿಂಟು ಕೊನೆಗೆ ತೆಗೆದರಾಯಿತು ಎಂದುಕೊಂಡಿದ್ದೆ. ಉಬ್ಬಸದಿಂದ ಸಾಲು ಅರ್ಧಕ್ಕೆ ನಿಂತರೆ ಅಜ್ಜಿ ನೀರು ಕುಡಿದು ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದರು. ಹೀಗಾಗಿ ಒಂದೊಂದು ಹಾಡೂ ನಾಲ್ಕಾರು ಸಲ ಆ ಮನೆಯಲ್ಲಿ ಕೇಳಿಸುತ್ತಿತ್ತು. ಅಜ್ಜಿ ಶುರು ಮಾಡಿದರೆ ಅಡಿಗೆಮನೆಯಲ್ಲಿ ರುಬ್ಬುವ ಸದ್ದು ನಿಂತುಬಿಡುತ್ತಿತ್ತು. ನಮ್ಮಿಂದ ಆಕೆಗೆ ತೊಂದರೆಯಾಗುತ್ತಿದೆಯೇನೋ ಎಂದು ನಾನು ಅಜ್ಜಿಗೆ ದನಿ ತಗ್ಗಿಸಲು ಸನ್ನೆ ಮಾಡುತ್ತಿದ್ದೆ. ಅಜ್ಜಿ ತಗ್ಗಿಸುತ್ತಿರಲಿಲ್ಲ.

ಹಾಡುಗಳೆಲ್ಲ ಮುಗಿದ ಹೊತ್ತಿಗೆ ಗೌರಿ ಹಬ್ಬ ಹತ್ತಿರ ಬಂದಿತ್ತು. ಮನೆಗೆ ಸುಣ್ಣ ಬಳಿಯಬೇಕು, ಹಾಗಾಗಿ ತಂತಿಗೂ ಇನ್ನೊಂದು ಸುತ್ತು ಸುಣ್ಣ. ಬೇರೆಯವರಿಗೆ ಗುಟ್ಟು ತಿಳಿಯಬಾರದೆಂದು ಮಹಾಶಯರು ತಾವೇ ಏಣಿ ಹತ್ತಿದರು, ನನ್ನನ್ನು ಏಣಿ ಹಿಡಿಯಲು ನಿಲ್ಲಿಸಿದರು. ತಂತಿಯ ಎರಡು ತುಂಡು ಕೂಡುವ ಜಾಗದಲ್ಲಿ ಒಂದು ಲೋಹದ ಕೊಂಡಿ ಇತ್ತು. ಅದು ಎದ್ದು ಕಾಣುತ್ತದೆಂದು ಅದರ ಮೇಲೆ ಕುಂಚ ಅದ್ದಿ ಅದ್ದಿ ಮೆತ್ತಿದರು. ಸುಣ್ಣದ ನೀರು ಕೊಂಡಿಯ ಒಳಗೆ ಇಳಿದು ಗೋಡೆಯ ಮೇಲೆ ಸೋರಿತು. “ಸಾರ್, ನೀರು ಒಳಗೆ ಹೋಗ್ತಿದೆ” ಎಂದೆ. “ಏಣಿ ಇಡ್ಕೊ” ಎಂದರು.

ಒಂದು ವಾರ ಕಳೆಯುವುದರೊಳಗೆ ಒಳಗಿನ ಕಂಪ್ಯೂಟರು ನನಗೆ ಒಮ್ಮೆ ಸಿಕ್ಕರೆ ಒಮ್ಮೆ ಸಿಗದಂತಾಯಿತು. ಫೈಲು ಹೋಗುತ್ತ ಹೋಗುತ್ತ ಅರ್ಧದಲ್ಲಿ ನಿಂತುಬಿಡುತ್ತಿತ್ತು. ಕೊಂಡಿ ಹಾಳಾಗಿದೆ, ಬದಲಾಯಿಸಬೇಕು ಎಂದು ನಾನು ಹೇಳಿದಾಗ ಪಡಸಾಲೆಯಲ್ಲಿ ಗಿರಾಕಿಗಳಿದ್ದರು. ಮಹಾಶಯರು ನನ್ನನ್ನು ದಿಟ್ಟಿಸಿ ನೋಡಿ, “ಯಾವ ಕೊಂಡಿ?” ಎಂದರು. ಆಮೇಲೆ ಗಿರಾಕಿಗಳ ಕಡೆ ತಿರುಗಿ, “ಮೋಡ ಕಣ್ರೀ. ಗಾಳೀಲಿ ತ್ಯಾವ ಜಾಸ್ತಿ ಆದ್ರೆ ಫೈಲು ಭಾರ ಆಗ್ಬುಡ್ತದೆ” ಎಂದರು. ಗಿರಾಕಿಗಳು ಕಿಟಕಿಯಲ್ಲಿ ಇಣುಕಿ ಆಕಾಶ ನೋಡಿದರು.

ಈ ಹೊತ್ತಿನಲ್ಲೇ ನಾಗಮಂಗಲದ ಕಾಲೇಜಿನ ಉಪನ್ಯಾಸಕರೊಬ್ಬರು ಗಾಳಿಯ ಜಾಲದ ಸುದ್ದಿ ಕೇಳಿ ನೋಡಬೇಕೆಂದು ಹೇಳಿ ಕಳಿಸಿದರು. ಇಷ್ಟವಾದರೆ ಕಾಲೇಜಿನ ವಾರ್ಷಿಕ ಸಂಚಿಕೆಯ ಕೆಲಸ ಇಲ್ಲಿಗೇ ಎಂದರು. ಮಹಾಶಯರು ಶ್ರೀರಂಗಪಟ್ಟಣದಿಂದ ಒಬ್ಬ ಪತ್ರಿಕೆಯವರನ್ನೂ ಕರೆಸಿದರು, ಬೀದಿಯವರನ್ನೂ ಕರೆದರು. ಪಡಸಾಲೆ ತುಂಬಿಹೋಯಿತು.

ಆವತ್ತು ಬೆಳಿಗ್ಗೆ ನಾನು ಬರುವ ಮೊದಲೇ ಅವರು ಒಂದು ಸಿದ್ಧತೆ ಮಾಡಿಟ್ಟಿದ್ದರು. ಜನರ ಮುಂದೆ ತಂತಿ ಕೈಕೊಟ್ಟರೆ ಎಂಬ ಭಯಕ್ಕೆ, ಒಂದು ಫೈಲನ್ನು ಮುಂಚಿತವಾಗಿಯೇ ಒಳಗಿನಿಂದ ನನ್ನ ಕಂಪ್ಯೂಟರಿಗೆ ನಕಲು ಮಾಡಿದ್ದರು. ದೊಡ್ಡ ಫೈಲೇ ಇರಲಿ ಎಂದು ಅಜ್ಜಿಯ ಹಾಡುಗಳನ್ನು ಆರಿಸಿಕೊಂಡಿದ್ದರು. ನನ್ನ ಕಂಪ್ಯೂಟರಿನಲ್ಲಿ ಫೈಲಿನ ಹೆಸರು ಕಾಣಿಸಿತು, ಅಷ್ಟಕ್ಕೇ ಕೆಲಸ ಆಯಿತೆಂದುಕೊಂಡರು. ತೆರೆದು ನೋಡಲಿಲ್ಲ. ಆ ಹೆಸರನ್ನು ಸದ್ಯಕ್ಕೆ ಪರದೆಯ ಮೇಲಿನ ಬೇರೊಂದು ಕಿಟಕಿಯ ಹಿಂದೆ ಮರೆಮಾಡಿ, ನನಗೆ ಇಷ್ಟೇ ಹೇಳಿದರು: “ನಾನು ಓಯ್ತು ಅಂದ್ಮ್ಯಾಲೆ ಈ ಕಿಟ್ಕಿ ಮುಚ್ಚಿ ಎಲ್ರಿಗೂ ತೋರ್ಸು.”

ಪ್ರದರ್ಶನ ಶುರುವಾಯಿತು. ಅವರು ಗರ್ಭಗುಡಿಯ ಬಾಗಿಲು ತೆರೆದಿಟ್ಟು ಒಳಗೆ ಕೂತರು. ಜನ ಹಾದಿಯಲ್ಲಿ ತಲೆ ತಗ್ಗಿಸಿ ನಿಂತರು, ಉಪನ್ಯಾಸಕರೂ ತಗ್ಗಿಸಿದರು. “ಸೋಬಾನೆ ಪದದ ಫೈಲು. ಈಗ ಇಲ್ಲೈತೆ” ಎಂದು ಮಹಾಶಯರು ಕೂಗಿದಾಗಲೇ ನನಗೆ ಅದು ಯಾವ ಫೈಲೆಂದು ಗೊತ್ತಾದದ್ದು. ನಾನು ಕೂತಲ್ಲಿಂದ ಎದ್ದು, “ಸಾರ್, ಅದು ಬೇಡ, ಬೇರೆ ಯಾವುದನ್ನಾದರೂ ತಗೊಳ್ಳಿ” ಎಂದು ಕೂಗಿದೆ. “ಉಡ್ಗಿಗೆ ಭಯ” ಎಂದು ಅವರು ನಕ್ಕರು, ಎಲ್ಲರೂ ನಕ್ಕರು. ಹಾದಿ ತುಂಬ ಜನ, ನನಗೆ ಮುಂದೆ ಹೋಗಲು ಜಾಗವಿರಲಿಲ್ಲ. ನಕಲು ಮಾಡಿ ತೋರಿಸಿದ್ದರೆ ಸಾಕಾಗುತ್ತಿತ್ತಲ್ಲ? ಇಲ್ಲ. ಇಲ್ಲಿ ಮಾಯವಾಗಿ ಅಲ್ಲಿ ಕಾಣಿಸಿಕೊಂಡರೆ ಮಾತ್ರ ಗಾಳಿಯಲ್ಲಿ ಹೋಯಿತೆಂದು ಜನ ನಂಬುವುದು. ಅವರು ಫೈಲನ್ನು ಅಳಿಸಿದರು. “ಓಯ್ತು!” ಎಂದರು.

ಉಪನ್ಯಾಸಕರು ಸ್ವಲ್ಪ ತಿಳಿದವರು. “ಅಳಿಸಿದ್ದು ಕಸದ ಬುಟ್ಟಿಯಲ್ಲಿ ಕೂತಿರಬಹುದಲ್ಲ ಸಾರ್?” ಎಂದು ಕೇಳಿದರು. ಪಾಪ, ಸುಮ್ಮನೆ ಕೇಳಿದ್ದು. ಮಹಾಶಯರ ಕಿವಿ ಕೆಂಪಾಯಿತು. “ಇದ್ರೆ ತಾನೇ? ನೋಡಿ” ಎಂದು ಎಲ್ಲರ ಎದುರಿಗೆ ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು.

ಅವರು ಕೂಗಿ ಹೇಳಿದಂತೆ ಪಡಸಾಲೆಯಲ್ಲಿ ಯಾರೋ ಪರದೆಯ ಮೇಲಿನ ಆ ಕಿಟಕಿ ಮುಚ್ಚಿದರು, ಫೈಲಿನ ಹೆಸರು ಕಾಣಿಸಿತು. ಚಪ್ಪಾಳೆ ಬಿತ್ತು. ಪತ್ರಿಕೆಯವರು ಫೋಟೋ ತೆಗೆದರು. ಎಲ್ಲರೂ ಕಾಫಿ ಕುಡಿದು ಹೋದ ಮೇಲೆ ನಾನು ಫೈಲು ತೆರೆದೆ. ಖಾಲಿ ಇತ್ತು. ಬೆಳಗಿನ ನಕಲು ತಂತಿಯಲ್ಲಿ ಅರ್ಧಕ್ಕೆ ನಿಂತಿತ್ತು. ಹೆಸರು ಬಂದಿತ್ತು, ಹಾಡು ಬಂದಿರಲಿಲ್ಲ.

ಇಷ್ಟು ಹೊತ್ತು ಬಹುವಚನದಲ್ಲಿ ಹೇಳಿದೆ. ಇಲ್ಲಿಂದ ಮುಂದಕ್ಕೆ ನನ್ನ ಕೈಲಾಗುವುದಿಲ್ಲ. ನಾನು ಅಳುತ್ತ ಗರ್ಭಗುಡಿಗೆ ಚಪ್ಪಲಿ ಸಮೇತ ನುಗ್ಗಿ ಹೇಳಿದಾಗ ಅವನು ಏನೆಂದ ಗೊತ್ತೆ? “ಗಾಳೀಲಿ ಎಲ್ಲೋ ಸಿಕ್ಕಾಕೊಂಡೈತೆ. ಬತ್ತದೆ ಬುಡು” ಎಂದ. ಅದೂ ಯಾರಿಗೆ? ಏಣಿ ಹಿಡಿದು ನಿಂತಿದ್ದ ನನಗೆ. ಆ ಮನೆಯಲ್ಲಿ ತಂತಿಯ ವಿಷಯ ಚೆನ್ನಾಗಿ ಬಲ್ಲವರು ಇಬ್ಬರೇ, ನಾನು ಮತ್ತು ಅವನು. ನಮ್ಮಿಬ್ಬರ ನಡುವೆಯೂ ಅವನು ಸುಳ್ಳನ್ನು ಕೆಳಗಿಳಿಸಲಿಲ್ಲ.

ಮೈಸೂರಿನಿಂದ ರಿಪೇರಿಗೆ ಬರುವ ಮೆಕ್ಯಾನಿಕ್ ಒಬ್ಬನಿದ್ದ. ನಾನೇ ಎಸ್.ಟಿ.ಡಿ. ಬೂತಿಗೆ ಹೋಗಿ ಅವನಿಗೆ ಫೋನು ಮಾಡಿದೆ. “ಆ ಕಂಪ್ಯೂಟರು ಮುಟ್ಟಬೇಡಿ, ಹೊಸದೇನಾದರೂ ತುಂಬಿದರೆ ಅಳಿಸಿದ್ದು ಮತ್ತೆ ಸಿಗಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿ ಕಳಿಸಿ, ಪ್ರಯತ್ನ ಮಾಡಬಹುದು” ಎಂದ. ಓಡಿ ಬಂದು ಹೇಳಿದೆ. ಕೈ ಮುಗಿದೆ. ಅವನು ಏಲಕ್ಕಿ ಬಾಯಿಗೆ ಹಾಕಿಕೊಂಡು ಯೋಚನೆ ಮಾಡಿ, “ಮೈಸೂರಿಗೆ ಕಳ್ಸುದ್ರೆ ಎಂಗೆ ಓಯ್ತು ಅಂತ ಕೇಳ್ತಾರೆ. ಏನಂತ ಏಳಾದು? ಪೇಪರ್ನಾಗೆ ಬೇರೆ ಬತ್ತಾ ಐತೆ” ಎಂದ. ಮರುದಿನ ಅದೇ ಡಿಸ್ಕಿನ ಮೇಲೆ ಕಾಲೇಜು ಸಂಚಿಕೆಯ ಕೆಲಸ ಶುರು ಮಾಡಿಸಿದ. ತಪ್ಪು ಯಾರಿಂದಲಾದರೂ ಆಗುತ್ತದೆ, ಅದನ್ನು ನಾನು ಎಂದೋ ಬಿಟ್ಟುಬಿಡುತ್ತಿದ್ದೆ. ಒಂದು ಡಿಸ್ಕು ಬಿಚ್ಚಿ ಕಳಿಸಲಿಲ್ಲವಲ್ಲ, ಅದನ್ನು ಬಿಡಲಾರೆ.

ಅಜ್ಜಿಗೆ ಅಷ್ಟರಲ್ಲಿ ಉಬ್ಬಸ ಹೆಚ್ಚಾಗಿ ಮಾತಾಡುವುದೇ ಕಷ್ಟವಾಗಿತ್ತು, ಹಾಡುವುದು ದೂರದ ಮಾತು. “ಬುಕ್ಕು ಬಂತಾ ಮಗ?” ಎಂದು ಕೇಳುತ್ತಿದ್ದರು. “ಅಚ್ಚಿಗೆ ಹೋಗಿದೆ ಅಜ್ಜಿ” ಎನ್ನುತ್ತಿದ್ದೆ. ಸಂಕ್ರಾಂತಿ ಬರುವುದರೊಳಗೆ ಹೋಗಿಬಿಟ್ಟರು. ನನಗೆ ಅಲ್ಲೊಂದು ಸಾಲು, ಇಲ್ಲೊಂದು ಸಾಲು ನೆನಪಿತ್ತು. ಟೈಪು ಮಾಡುವವರಿಗೆ ಹಾಡು ಬೆರಳಿನಲ್ಲಿ ಹರಿದುಹೋಗುತ್ತದೆ, ತಲೆಯಲ್ಲಿ ನಿಲ್ಲುವುದಿಲ್ಲ.

ಸಂಚಿಕೆಯ ಕೆಲಸ ಶುರುವಾದ ದಿನವೇ ನಾನು ಅಳುತ್ತ ಆ ಕೆಲಸ ಬಿಟ್ಟು ಬಂದಿದ್ದೆ. ಮದುವೆಯಾಗಿ ಕೆ.ಆರ್. ಪೇಟೆಗೆ ಬಂದೆ. ಅವನ ಸುದ್ದಿ ಆಗಾಗ ಕಿವಿಗೆ ಬೀಳುತ್ತಿತ್ತು. ಪತ್ರಿಕೆಯಲ್ಲಿ ಫೋಟೋ ಬಂದ ಮೇಲೆ ಸನ್ಮಾನಗಳಾದವು, ಶಾಲು ಹೊದೆಸಿದರು, ಪೇಟ ಇಟ್ಟರು. ಮುಂದೆ ನಿಜವಾದ ತಂತಿಯಿಲ್ಲದ ಜಾಲ ಎಲ್ಲರ ಮನೆಗೂ ಬಂದಾಗ ಅವನು ವೇದಿಕೆಗಳಲ್ಲಿ, “ನಾನು ಆಗ್ಲೇ ಮಾಡಿದ್ದೆ, ನಿಮ್ಗೆ ಈಗ ಬಂತು” ಎಂದು ಹೇಳುತ್ತಿದ್ದನಂತೆ. ಸುಳ್ಳಿಗೆ ವಯಸ್ಸಾದ ಹಾಗೆ ಮರ್ಯಾದೆಯೂ ಬಂತು.

ಈಗ ಅವನು ಹೋದ. ಅವನ ಹೆಂಡತಿ ಕೆ.ಆರ್. ಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ತಿಥಿ ಕಾರ್ಡಿಗೆ ಯಾರೋ ಅಭಿಮಾನಿಗಳು ಬರೆದುಕೊಟ್ಟ ಒಕ್ಕಣೆ ಹಿಡಿದು ನನ್ನ ಅಂಗಡಿಗೆ ಬಂದಿದ್ದರು. ನನ್ನನ್ನು ಕಂಡು ಬಾಗಿಲಲ್ಲೇ ನಿಂತರು, ಗುರುತು ಹಿಡಿದರು. ನಾನು ಟೈಪಿಗೆ ಕೂತೆ. ಆ ಸಾಲಿಗೆ ಬಂದು ಬೆರಳು ನಿಂತದ್ದನ್ನು ಆಗಲೇ ಹೇಳಿದೆ. ಹಲ್ಲು ಕಚ್ಚಿ ಅದನ್ನೂ ಟೈಪು ಮಾಡಿ, ಪ್ರೂಫಿಗೆಂದು ಮೂಲೆಯ ಪ್ರಿಂಟರಿಗೆ ಕಳಿಸಿದೆ. ಪ್ರಿಂಟರು ಗುಂಯ್‌ಗುಟ್ಟಿ ಕಾಗದ ಹೊರಗೆ ಹಾಕಿತು.

ಆಕೆ ನನ್ನ ಮೇಜನ್ನೂ ಮೂಲೆಯನ್ನೂ ನೋಡಿದರು. “ಇದ್ರ ವೈರೆಲ್ಲವ್ವ?”

“ವೈರಿಲ್ಲ ಅಮ್ಮ. ಗಾಳಿಯಲ್ಲೇ ಹೋಗ್ತದೆ.”

“ದಿಟ್ವಾಗ್ಲೂ?”

“ದಿಟ.”

ಆಕೆ ಎದ್ದು ಹೋಗಿ ಪ್ರಿಂಟರಿನ ಹಿಂದೆ ಕೈಯಾಡಿಸಿದರು, ಗೋಡೆಯನ್ನು ಮೇಲಿನವರೆಗೆ ಸವರಿದರು, ಬೆರಳಿಗೆ ಸುಣ್ಣ ಹತ್ತಿದೆಯೇ ಎಂದು ನೋಡಿಕೊಂಡರು. ನನಗೆ ತಡೆಯಲಾಗದೆ ನಗು ಬಂತು. ಆಕೆಯೂ ನಕ್ಕರು. ಬಾಯಿಗೆ ಸೆರಗು ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಪ್ರೂಫು ಕೈಗೆ ತೆಗೆದುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟು, “ಇದ್ನ ತೆಗ್ದಾಕ್ಬುಡವ್ವ. ಸತ್ತ ಮ್ಯಾಲಾದ್ರೂ ಬ್ಯಾಡ” ಎಂದರು. ನಾನು ತೆಗೆದೆ.

ಆಕೆ ಮತ್ತೆ ಸ್ಟೂಲಿನ ಮೇಲೆ ಕೂತರು. “ನಿಮ್ಮಜ್ಜಿ ಪದಗೋಳು ಆವತ್ತು ಓದ್ವಲ್ಲ” ಎಂದರು.

“ಹೋದವು ಅಮ್ಮ.”

“ಎಲ್ಲಿ ಓದ್ವು? ಅವ್ರ ಪೆಟ್ಗೇಲಿ ಓದ್ವು, ಅಷ್ಟೇಯ. ನಾನು ರುಬ್ಬಾದ್ನ ನಿಲ್ಸಿ ಕೇಳ್ತಿದ್ನಲ್ಲ. ಆ ಮುದ್ಕಿ ಒಂದೊಂದ್ನೂ ಮತ್ ಮತ್ತೆ ಏಳೋಳು. ನಂಗೂ ಬಾಯಿಗ್ ಬಂದ್ಬುಡ್ತು.”

ನಾನು ಕುರ್ಚಿಯಲ್ಲಿ ಮುಂದಕ್ಕೆ ಸರಿದೆ. “ಆವಾಗ ಒಂದು ಮಾತು ಹೇಳಬಾರದಿತ್ತೇ ಅಮ್ಮ?”

“ಎಂಗ್ ಏಳ್ಲಿ? ನೀನು ಅತ್ಕಂಡು ಓದೋಳು ತಿರ್ಗಿ ಬರ್ನೇ ಇಲ್ಲ. ನಿಮ್ಮನೆ ಎಲ್ಲಿ ಅಂತ ಕೇಳುದ್ರೆ ಅವ್ರು ಬಾಯ್ ಬುಡ್ಲಿಲ್ಲ. ಒಸ್ಲು ದಾಟಿ ಉಡುಕ್ಕೊಂಡು ಬರೋ ಅಂಗಿತ್ತಾ ನಂಗೆ?” ಆಕೆ ಸೆರಗು ಸರಿಮಾಡಿಕೊಂಡರು. “ಆದ್ರೆ ಸುಮ್ಕಿರ್ಲಿಲ್ಲ ಕಣವ್ವ. ನನ್ ಮಗಳ ಅಸೆಮಣೆ ಮುಂದೆ ನಾನೇ ಆಡ್ದೆ. ಸುತ್ತ ಕುಂತಿದ್ ಎಣ್ಮಕ್ಳು ಕಲ್ತ್ಕೊಂಡ್ರು. ಈಗ 'ಅಕ್ಕಿಎಬ್ಬಾಳಜ್ಜಿ ಪದ' ಅಂತ ಕೇಳಿ ಆಡುಸ್ತಾರೆ.”

ಅಜ್ಜಿ ಕೇಳಿದ್ದು ಇಷ್ಟೇ ಅಲ್ಲವೇ, ಹಸೆಮಣೆ ಮುಂದೆ ಬಾಯಿ ಬಿಡುವವರು ಒಬ್ಬರು. ಆಕೆ ಕೇಳದೆಯೇ ಶುರು ಮಾಡಿದರು. ದನಿ ನಡುಗುತ್ತಿತ್ತು, ಆದರೆ ಎಳೆಯುವ ಕಡೆ ಎಳೆದದ್ದು, ಉಸಿರು ತೆಗೆದುಕೊಳ್ಳುವ ಕಡೆ ನಿಲ್ಲಿಸಿದ್ದು ನಮ್ಮ ಅಜ್ಜಿಯ ಹಾಗೆಯೇ. ಅಜ್ಜಿಯ ಉಬ್ಬಸವೂ ಹಾಡಿನ ಜೊತೆಗೇ ಬಂದಿತ್ತು.

ಅರಿಸಿನ ಅರೆಯೋವಾಗ ಅಳಬ್ಯಾಡ ನನ ಮಗಳೆ
ಒರಳೀಗೆ ಕಣ್ಣೀರು ಬಿದ್ದಾರೆ – ಬೀಗರು
ಅರಿಸಿನ ತೆಳುವಂತ ನಗುತಾರೆ

ನಾನು ಪ್ರಿಂಟರು ಆರಿಸಿದೆ, ಅಂಗಡಿಯ ಬಾಗಿಲು ಅರ್ಧ ಎಳೆದೆ, ಹೊಸ ಫೈಲು ತೆರೆದೆ. ಆಮೇಲೆ ಅದನ್ನೂ ನಂಬದೆ ಮೇಜಿನ ಖಾನೆಯಿಂದ ಕಾಗದವನ್ನೂ ಪೆನ್ನನ್ನೂ ತೆಗೆದಿಟ್ಟುಕೊಂಡೆ. “ಇನ್ನೊಂದು ಸಲ ಹೇಳಿ ಅಮ್ಮ, ಮೊದಲಿನಿಂದ” ಎಂದೆ. “ಕಾರ್ಡನ್ನು ನಾಳೆ ಮಾಡಿಕೊಡುತ್ತೇನೆ.”

“ಅದ್ಕೇನವಸ್ರ, ಬುಡು” ಎಂದು ಆಕೆ ಗಂಟಲು ಸರಿಮಾಡಿಕೊಂಡರು.